ನಾಲ್ಕು ಕೈ ಬೀಳುವ ಆಟ

ಕುಮಾರಿಯ ಬಗ್ಗೆ ನಾನು ಇದಕ್ಕೆ ಮೊದಲೂ ಒಮ್ಮೆ ಬರೆದಿದ್ದೇನೆ. ಹೋದ ವರ್ಷ ಆಷಾಢದಲ್ಲಿ, ಇದೇ ಅಂಕಣದಲ್ಲಿ. ಆಗ ಆಕೆಯ ಹೆಸರು ಬರೆದಿರಲಿಲ್ಲ, ಊರಿನ ಹೆಸರು ಹಾಕಿ 'ಅಲ್ಲಿನ ಗ್ರಂಥಾಲಯದ ಹೆಂಗಸು' ಎಂದು ಬರೆದಿದ್ದೆ. ಈಗ ಹೆಸರು ಬರೆಯುತ್ತೇನೆ, ಊರಿನದು ಬರೆಯುವುದಿಲ್ಲ. ಹರವೆ ಹೋಬಳಿ ಎಂದರೆ ಸಾಕು. ಆ ಊರನ್ನು ಒಂದು ಸಲ ಪೇಪರಿಗೆ ಎಳೆದದ್ದೇ ಜಾಸ್ತಿಯಾಯಿತು.

ಆಕೆಗೆ ಈಗ ಮೂವತ್ತಾರು. ತಂದೆ ಪುಟ್ಟಮಾದು ಕೆಳಗಿನ ಬೀದಿಯವರು. ಮೇಲಿನ ಬೀದಿಯವರ ಹೊಲದಲ್ಲಿ ಅರಿಸಿನ ಕಿತ್ತು, ಬೇಯಿಸಿ, ಹರವಿ ಮುದುಕರಾದವರು. ಕುಮಾರಿ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಓಡಾಡಿ ಪಿಯುಸಿ ಮುಗಿಸಿದಳು. ಆಮೇಲೆ ಬದನಗುಪ್ಪೆಯ ಒಂದು ಗಾರ್ಮೆಂಟ್ಸಿನಲ್ಲಿ ಏಳು ವರ್ಷ ಚೆಕ್ಕರ್. ಹೊಲಿದು ಬಂದ ಅಂಗಿಯನ್ನು ಒಳಮಗ್ಗುಲು ತಿರುಗಿಸಿ, ಹೊಲಿಗೆ ಬಿಟ್ಟಿದೆಯೇ, ದಾರ ಎದ್ದಿದೆಯೇ ನೋಡಿ, ದೋಷವಿದ್ದಲ್ಲಿ ಕೆಂಪು ಸ್ಟಿಕ್ಕರ್ ಅಂಟಿಸುವ ಕೆಲಸ. ಮಗಳು ನಯನಾ ಹುಟ್ಟಿದ ಮೇಲೆ ಅದನ್ನು ಬಿಟ್ಟಳು. ಪಂಚಾಯಿತಿ ಗ್ರಂಥಾಲಯಕ್ಕೆ ಜನ ಬೇಕೆಂದಾಗ ಅರ್ಜಿ ಹಾಕಿದಳು, ಸಿಕ್ಕಿತು. ಮೇಲಿನ ಬೀದಿಯ ಕೆಲವರಿಗೆ ಅದು ಹಿಡಿಸಲಿಲ್ಲ. ಹಾಗೆಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಪೇಪರ್ ಓದಲು ಬರುವುದನ್ನು ನಿಲ್ಲಿಸಿದರು, ಅಷ್ಟೆ. ಮಕ್ಕಳು ಮಾತ್ರ ಬರುತ್ತಿದ್ದವು. ಮಕ್ಕಳಿಗೆ ಫ್ಯಾನಿನ ಕೆಳಗೆ ಜಾಗವಿದ್ದರೆ ಸಾಕು.

ಎರಡು ವರ್ಷದ ಹಿಂದೆ ಒಂದು ಸಂಸ್ಥೆಯವರು ಗುಂಡ್ಲುಪೇಟೆಗೆ ಕರೆಸಿ, ಒಂದು ದಿನ ತರಬೇತಿ ಕೊಟ್ಟು, ಗ್ರಂಥಾಲಯಕ್ಕೆ ಒಂದು ಟ್ಯಾಬ್ ಕೊಟ್ಟು ಕಳಿಸಿದರು. ವಯನಾಡಿನ ಕಡೆ ಯಾರೋ ಬಳಸಿ ಬಿಟ್ಟದ್ದು. ಆನ್ ಮಾಡಿದರೆ ಬರೀ ಮಲಯಾಳ. ಕುಮಾರಿಯ ಗಂಡ ಸಿದ್ದಾರ್ಥ ಗುಂಡ್ಲುಪೇಟೆಯಿಂದ ಕೇರಳದ ಬತ್ತೇರಿಗೆ ತರಕಾರಿ ಗಾಡಿ ಓಡಿಸುತ್ತಾನೆ, ಬೋರ್ಡು ಓದುವಷ್ಟು ಮಲಯಾಳ ಬರುತ್ತದೆ.

"ಇದೇ ಭಾಷೆ ಅಂತ ಬರ್ದಿರಾದು ಕಣಮ್ಮಿ, ಒತ್ತು," ಎಂದನಂತೆ.

"ಒತ್ತಿ ಎಲ್ಲಾ ಓಗ್ಬುಟ್ರೆ?"

"ಓದ್ರೆ ಓಯ್ತದ. ಈಗ್ಲೂ ಏನ್ ಓದಕ್ಕಾಯ್ತಾ ಅದಾ ನಿಂಗೆ?"

ಕನ್ನಡ ಬಂತು. ಆದರೆ ಒಂದು ಟ್ಯಾಬು, ನಲವತ್ತು ಮಕ್ಕಳು. ಅದರೊಳಗೆ ಏನು ಹಾಕಬೇಕು ಎಂದು ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. 'ಒಳ್ಳೆ ಆಪ್‌ಗಳನ್ನು ಹಾಕಿ' ಎಂದಿದ್ದರು. ಕುಮಾರಿ ಅದನ್ನು ಮನೆಗೆ ತಂದು ಒಂದೊಂದೇ ಆಪನ್ನು ಇಳಿಸಿಕೊಂಡು, ಗಾರ್ಮೆಂಟ್ಸಿನ ಅಂಗಿಯನ್ನು ನೋಡಿದ ಹಾಗೆ ನೋಡಿದಳು. ಮಗುವಿನಂತೆ ತಪ್ಪು ಒತ್ತಿದಳು, ಬೇಕೆಂದೇ ಸೋತಳು, ನೆಟ್ ಆಫ್ ಮಾಡಿ ತೆಗೆದಳು. ಕಂಡದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಳು. ಆ ನೋಟ್‌ಬುಕ್ಕನ್ನು ನಾನು ನೋಡಿದ್ದು ತೀರಾ ತಡವಾಗಿ.

'ಮಗ್ಗಿ ಆಟ. ಐದು ಸಲ ಸೋತರೆ ರಮ್ಮಿ ಜಾಹೀರಾತು ಬರುತ್ತೆ. ಬೇಡ.'

'ಇಂಗ್ಲಿಷ್ ಕಲಿಸುವುದು. ಅಪ್ಪನ ಫೋನ್ ನಂಬರ್ ಕೊಡದಿದ್ದರೆ ಮುಂದಕ್ಕೆ ಬಿಡಲ್ಲ. ಬೇಡ.'

'ಬಣ್ಣ ತುಂಬುವುದು. ಹಸಿರಿಗೆ ಬೀಗ ಹಾಕಿ ದುಡ್ಡು ಕೇಳುತ್ತೆ. ಹಸಿರಿಲ್ಲದೆ ನಮ್ಮ ಮಕ್ಕಳು ಏನು ಬರೀತವೆ. ಬೇಡ.'

'ಕಾರ್ ರೇಸ್. ನೆಟ್ ಬೇಡ, ಜಾಹೀರಾತಿಲ್ಲ, ಸೌಂಡ್ ಚೆನ್ನಾಗಿದೆ. ಒಬ್ಬರೇ ಆಡಬೇಕು. ಬೇಡ.'

ಪ್ರತಿ ಸಾಲಿನ ಕೊನೆಗೂ ಗೆರೆ ಎಳೆದು ಒಂದು ಖಾನೆ ಮಾಡಿದ್ದಳು. ಮೇಲೆ ತಲೆಬರಹ: 'ಎಷ್ಟು ಕೈ?' ಆ ಖಾನೆಯಲ್ಲಿ ಹೆಚ್ಚಿನವಕ್ಕೆ ಒಂದು ಎಂದಿತ್ತು. ಚೌಕಾಬಾರಕ್ಕೆ ಮಾತ್ರ ನಾಲ್ಕು.

ಚೌಕಾಬಾರ ನಮ್ಮ ಕಡೆಯವರಿಗೆ ಗೊತ್ತು. ಐದೈದು ಮನೆಯ ಚೌಕ, ನಾಲ್ಕು ಕವಡೆ, ನಾಲ್ಕು ದಿಕ್ಕಿಗೆ ನಾಲ್ಕು ಜನ. ಅದೇ ಆಟ ಟ್ಯಾಬಿನಲ್ಲೂ ಇತ್ತು. ಪರದೆ ಒತ್ತಿದರೆ ಕವಡೆ ಉರುಳುತ್ತದೆ, ಕಾಯಿ ಒತ್ತಿದರೆ ನಡೆಯುತ್ತದೆ. ಕುಮಾರಿ ಟ್ಯಾಬನ್ನು ಚಾಪೆಯ ಮೇಲೆ ಮಲಗಿಸಿ ನಾಲ್ಕು ಮಕ್ಕಳನ್ನು ಸುತ್ತ ಕೂರಿಸುತ್ತಿದ್ದಳು. ಎರಡು ಮೇಲಿನ ಬೀದಿಯವು, ಎರಡು ಕೆಳಗಿನವು. ಆ ನಿಯಮವನ್ನು ಎಲ್ಲೂ ಬರೆದು ಹಾಕಿರಲಿಲ್ಲ. ಹಾಗೆ ಕೂರಿಸುತ್ತಿದ್ದಳು, ಅಷ್ಟೆ.

ಆಗ ದಿಲೀಪ್ ನನಗೆ ಒಂದು ಫೋಟೋ ಕಳಿಸಿದ. ಅವನು ಪಂಚಾಯಿತಿ ಸದಸ್ಯ, ಮೇಲಿನ ಬೀದಿಯವನು, ನಮ್ಮವನೇ. ದೂರದ ಸಂಬಂಧ ಕೂಡ. ಫೋಟೋದ ಕೆಳಗೆ, "ಅಣ್ಣ, ಸರ್ಕಾರದ ಲೈಬ್ರರಿಲಿ ಐಕಳಿಗೆ ಕವಡೆ ಕಲುಸ್ತಾವ್ಳೆ. ನೀನ್ ಬರೀದೆ ಇದ್ರೆ ಯಾರ್ ಬರೀತರೆ," ಎಂದಿತ್ತು. ಫೋಟೋದಲ್ಲಿ ಮುಖಗಳಿರಲಿಲ್ಲ. ಪರದೆಯ ಮೇಲೆ ನಾಲ್ಕು ಕವಡೆ, ಸುತ್ತ ನಾಲ್ಕು ಕೈ. ನನಗೆ ಕವಡೆ ಕಂಡಿತು. ಕೈ ಕಾಣಲಿಲ್ಲ.

ಆ ದಿನವೇ ಬರೆದೆ. 'ಗ್ರಂಥಾಲಯದೊಳಗೆ ಕವಡೆ' ಎಂದು ತಲೆಬರಹ ಕೊಟ್ಟೆ. ಮೊಬೈಲಿನಲ್ಲಿ ರಮ್ಮಿ ಆಡಿ ಹಾಳಾದವರ ಕಥೆಯನ್ನು ಅದಕ್ಕೆ ಸೇರಿಸಿದೆ. ಬಡವರ ಮಕ್ಕಳ ಕೈಗೆ ಜೂಜು ಕೊಡುವವರ ಮನಸ್ಸು ಎಂಥದು ಎಂದು ಕೇಳಿದೆ. ಕೊನೆಗೆ, ಆಟಗಳನ್ನೆಲ್ಲ ಅಳಿಸಿ ಇಂಥಿಂಥ ಆಪ್‌ಗಳನ್ನು ಹಾಕಬೇಕೆಂದು ಹತ್ತು ಹೆಸರು ಪಟ್ಟಿ ಮಾಡಿದೆ. ಆ ಹತ್ತರಲ್ಲಿ ಒಂದನ್ನೂ ನಾನು ತೆರೆದು ನೋಡಿರಲಿಲ್ಲ. ಎಲ್ಲೋ ಇದ್ದ ಪಟ್ಟಿಯನ್ನು ಇಳಿಸಿಕೊಂಡಿದ್ದೆ. ಇನ್ನೂ ಒಂದು ಸಲಹೆ ಕೊಟ್ಟೆ. ಆ ಸಾಲು ನನಗೆ ಬಾಯಿಪಾಠವಾಗಿದೆ: 'ಬೆಲೆಬಾಳುವ ವಸ್ತುವಾದ್ದರಿಂದ ಒಬ್ಬ ಜವಾಬ್ದಾರಿಯುತ ವಿದ್ಯಾರ್ಥಿ ಮಾತ್ರ ಅದನ್ನು ಮುಟ್ಟಲಿ, ಉಳಿದವರು ಸುತ್ತ ಕುಳಿತು ನೋಡಿ ಕಲಿಯಲಿ.'

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು, ದಿನಸಿ ಅಂಗಡಿಯ ಪೊಟ್ಟಣದ ಕಾಗದ ಓದಿ ಬರೆಯಲು ಕಲಿತವನು ನಾನು. ಓದಿಕೊಂಡ ದೊಡ್ಡವರು ವಿಚಾರಿಸದೆ ತೀರ್ಪು ಕೊಡುತ್ತಾರೆಂದು ಇಪ್ಪತ್ತು ವರ್ಷದಿಂದ ಬೈಯುತ್ತಾ ಬಂದಿದ್ದೇನೆ. ಆ ಹೆಂಗಸಿಗೆ ಒಂದು ಫೋನ್ ಮಾಡಲಿಲ್ಲ.

ಪಂಚಾಯಿತಿಯವರು ಆಕೆಗೆ ನೋಟಿಸ್ ಕೊಟ್ಟರು. ಆಟಗಳನ್ನು ಆಕೆಯ ಕೈಯಿಂದಲೇ ಅಳಿಸಿ, ನನ್ನ ಹತ್ತನ್ನೂ ಹಾಕಿಸಿದರು. ಎರಡು ತಿಂಗಳ ಮೇಲೆ ದಿಲೀಪ್ ಫೋನ್ ಮಾಡಿದ. "ಅಣ್ಣ, ನಿನ್ ಬರವಣಿಗೆಯಿಂದ ಲೈಬ್ರರಿ ದಾರಿಗ್ ಬಂತು. ಬಾ, ಒಂದ್ ಶಾಲು ಹೊದ್ಸನ." ಹೋದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಶಾಲು, ಹಣ್ಣು, ಎರಡು ಮಾತು. ಕುಮಾರಿ ಗೋಡೆಯ ಪಕ್ಕ ನಿಂತು ಎಲ್ಲರ ಜತೆ ಚಪ್ಪಾಳೆ ತಟ್ಟಿದಳು. ಆಮೇಲೆ ಮಕ್ಕಳು ಟ್ಯಾಬಿನಲ್ಲಿ ಕಲಿಯುವುದನ್ನು ನನಗೆ ತೋರಿಸಿದರು. ದಿಲೀಪನ ಮಗಳು ಕಾವ್ಯಶ್ರೀ, ಎಂಟನೇ ಕ್ಲಾಸು, ಟ್ಯಾಬ್ ಹಿಡಿದು ಕುರ್ಚಿಯ ಮೇಲೆ ಕುಳಿತಿದ್ದಳು. ಉಳಿದ ಎಂಟು ಮಕ್ಕಳು ಕೆಳಗೆ ಚಾಪೆಯ ಮೇಲೆ. ಒಂದು ಲೆಕ್ಕ ಬಂತು, ನಾಲ್ಕು ಉತ್ತರ. ಒಂಬತ್ತು ವರ್ಷದ ನಯನಾ ಎದ್ದು ನಿಂತು, ಕೈ ಹಿಂದಕ್ಕೆ ಕಟ್ಟಿಕೊಂಡು, "ಎರಡ್ನೇದು ಒತ್ತಕ್ಕ," ಎಂದಳು.

"ತಡಿಯಮ್ಮಿ, ಒತ್ತೀನಿ." ಕಾವ್ಯಶ್ರೀ ಮೂರನೆಯದನ್ನು ಒತ್ತಿದಳು. ತಪ್ಪಾಯಿತು.

"ನಾ ಎರಡ್ನೇದು ಅಂದೆ."

"ಎಲ್ರುದೂ ನಾನೇ ಒತ್ಬೇಕು ಕಣೆ, ಸಾಕಾಯ್ತದ. ಬೇಕಾರೆ ನೀನೇ..." ಎಂದು ಟ್ಯಾಬನ್ನು ಕೆಳಗೆ ಚಾಚಿದಳು. ಹಿಂದೆ ನಿಂತಿದ್ದ ದಿಲೀಪ್ ಕೆಮ್ಮಿದ. ಅವಳು ಟ್ಯಾಬನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡಳು.

ನನಗೆ ಅದರಲ್ಲಿ ಶಿಸ್ತು ಕಂಡಿತು. 'ಪರವಾಗಿಲ್ಲ' ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಇದನ್ನು ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಇದೂ ಒಂದು ಸುಳ್ಳು ಬರಹವಾಗುತ್ತದೆ.

ಹೊರಗೆ ಬಂದರೆ ಮೆಟ್ಟಿಲ ಕೆಳಗೆ ಪುಟ್ಟಮಾದು ನಿಂತಿದ್ದರು, ಮೊಮ್ಮಗಳನ್ನು ಕರೆದುಕೊಂಡು ಹೋಗಲು. ನನ್ನನ್ನು ಕಂಡು ಟವೆಲನ್ನು ಹೆಗಲಿನಿಂದ ಕೈಗೆ ಇಳಿಸಿಕೊಂಡರು.

"ಪೇಪರ್ನೋರಾ ಬುದ್ದೀ? ನಮ್ ಕೂಸು ಅವ್ರವ್ವನಂಗೇ ಆಡ್ತಾವ್ಳೆ, ನೋಡುದ್ರಾ? ಬಾಯಾಟ."

"ಏನದು, ಬಾಯಾಟ?"

"ಅದೇಯ, ಗುಡಿ ಜಗುಲಿ ಮೇಲೆ ಕಲ್ನಲ್ಲೇ ಚೌಕಾಬಾರದ ಮನೆ ಕೊರ್ದವ್ರಲ್ಲ. ನಮ್ ಐಕಳು ಜಗುಲಿ ಅತ್ತಂಗಿರ್ನಿಲ್ಲ. ಕೆಳುಗ್ ನಿಂತ್ಕಂಡು ಬಾಯಲ್ಲಿ ಯೋಳಾದು. ಮೇಲ್ ಕುಂತಿರೋರು ಇವುರ್ ಪರವಾಗಿ ಕವ್ಡೆ ಬುಡೋರು, ಕಾಯಿ ನಡ್ಸೋರು. ಈ ಕುಮಾರಿ ಬಾಯಲ್ಲೇ ಎಲ್ರುನೂ ಸೋಲ್ಸೋಳು ಬುದ್ದಿ. ಗೆದ್ರೂವೆ ಒಂದ್ ಕಾಯ್ನೂ ಮುಟ್ಟಿದ್ದೋಳಲ್ಲ." ಅವರು ಹೆಮ್ಮೆಯಿಂದ ನಕ್ಕರು.

ಕುಮಾರಿ ಬಾಗಿಲಲ್ಲಿ ನಿಂತಿದ್ದಳು. "ಅಪ್ಪೋ, ಬುದ್ದಿ ಅನ್ಬ್ಯಾಡ ಅಂದಿಲ್ವಾ? ಸಾರ್ ಅನ್ನು ಸಾಕು."

ಶಾಲು ನನ್ನ ಹೆಗಲ ಮೇಲೇ ಇತ್ತು. ಅದನ್ನು ತೆಗೆದು ಎಲ್ಲಿಡಬೇಕೋ ತಿಳಿಯಲಿಲ್ಲ. ಚಂದಕವಾಡಿ ಹತ್ತಿರದ ನನ್ನ ಊರಿನಲ್ಲೂ ಅಂಥ ಜಗುಲಿ ಇತ್ತು. ಅದರ ಮೇಲೆ ಕುಳಿತು, ಕೆಳಗೆ ನಿಂತ ಒಬ್ಬ ಹುಡುಗನ ಪರವಾಗಿ ನಾನು ಎಷ್ಟೋ ಮಧ್ಯಾಹ್ನ ಕಾಯಿ ನಡೆಸಿದ್ದೇನೆ. ಅವನನ್ನೂ ಆಟಕ್ಕೆ ಸೇರಿಸಿಕೊಂಡ ಒಳ್ಳೆಯವನು ನಾನು ಎಂದು ಇಷ್ಟು ವರ್ಷ ನೆನೆಸಿಕೊಂಡಿದ್ದೆ. ಅವನ ಹೆಸರು ಈಗ ನೆನಪಿಲ್ಲ. ಆ ಜಗುಲಿಯ ನಿಯಮವನ್ನೇ ನಲವತ್ತು ವರ್ಷದ ಮೇಲೆ ಒಳ್ಳೆಯ ಕನ್ನಡದಲ್ಲಿ ಬರೆದು, ಅಚ್ಚು ಹಾಕಿಸಿ, ಸರ್ಕಾರದ ಕಟ್ಟಡದೊಳಕ್ಕೆ ಕಳಿಸಿದ್ದೆ. ಒಬ್ಬರು ಮುಟ್ಟಲಿ, ಉಳಿದವರು ನೋಡಲಿ.

ದಿಲೀಪ್ ಹೋದ ಮೇಲೆ ನಾನು ಒಳಗೆ ಹೋಗಿ, ಆ ಆಟವನ್ನು ಯಾಕೆ ಆರಿಸಿದಿರಿ ಎಂದು ಕೇಳಿದೆ. ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ. ಕುಮಾರಿ ಬೀರುವಿನಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. ನಾನು ಓದುತ್ತಿದ್ದಾಗ ಮಕ್ಕಳ ಚಾಪೆ ಸುತ್ತಿದಳು.

"ಅಂಗಿ ಮೇಲುಗಡೆಯಿಂದ ಎಲ್ಲಾ ಚೆಂದಾಗೇ ಕಾಣ್ತದ ಸಾರ್," ಎಂದಳು. "ನಿಮ್ ಹತ್ತು ಆಪ್ನಲ್ಲಿ ಆರು ನಾನ್ ಆಗ್ಲೇ ನೋಡಿ ಬ್ಯಾಡ ಅಂತ ಬುಟ್ಟಿದ್ವೇಯ. ನಂಗೆ ಒಂದ್ ಫೋನ್ ಮಾಡ್ಬೌದಾಗಿತ್ತು. ನಂಬರ್ ಬಾಗ್ಲು ಮೇಲೇ ಬರ್ದದ."

ಬರೆದಿತ್ತು. ಬರುವಾಗ ಅದರ ಕೆಳಗೇ ನಿಂತು ಫೋಟೋ ತೆಗೆಸಿಕೊಂಡಿದ್ದೆ.

ಹಣ್ಣಿನ ಚೀಲವನ್ನು ಅಲ್ಲೇ ಬಿಟ್ಟು ಬಂದೆ. ಮರುವಾರ, ನಾನು ಬರೆದದ್ದು ತಪ್ಪು, ಅದು ಜೂಜಲ್ಲ ಎಂದು ಪಂಚಾಯಿತಿಗೆ ಪತ್ರ ಕೊಟ್ಟೆ. ಪೇಪರಿನಲ್ಲೂ ಬರೆದೆ. ಮೊದಲಿನದಕ್ಕೆ ಅರ್ಧ ಪುಟ ಕೊಟ್ಟಿದ್ದರು, ಇದಕ್ಕೆ ಮೂಲೆಯಲ್ಲಿ ಎಂಟು ಸಾಲು. ಪಂಚಾಯಿತಿಯ ಅಧಿಕಾರಿ ಕನ್ನಡಕ ಒರೆಸುತ್ತಾ, "ನೀವ್ ಬರೆದ್ರಿ ಅಂತ ನೋಟಿಸ್ ಕೊಟ್ವಿ. ಈಗ ನೀವೇ ಅಲ್ಲ ಅಂತೀರಿ. ಮುಂದಿನ್ ತಿಂಗ್ಳು ಏನ್ ಅಂತೀರೋ ಅದನ್ನೂ ಈಗ್ಲೇ ಹೇಳ್ಬುಡಿ ಸಾರ್, ಒಟ್ಟಿಗೇ ಮಾಡ್ಬುಡನ," ಎಂದರು. ನಾಲ್ಕು ಸಲ ಹೋದ ಮೇಲೆ ಶನಿವಾರ ಮಧ್ಯಾಹ್ನ ಮಾತ್ರ ಚೌಕಾಬಾರ ಆಡಿಸಬಹುದು ಎಂದು ಒಪ್ಪಿದರು. ದಾರಿಯಲ್ಲಿ ದಿಲೀಪ್ ಸಿಕ್ಕಿ, "ಏನಣ್ಣ, ಶಾಲು ಹೊದ್ಕಂಡ್ ಹೋದ್ಮೇಲೆ ಜ್ಞಾನ ಬತ್ತಾ? ವಾಪಸ್ ಕೊಡು ಮತ್ತೆ," ಎಂದು ನಕ್ಕ. ಅದು ಇನ್ನೂ ನಮ್ಮ ಮನೆಯಲ್ಲಿದೆ. ಯಾರೂ ಹೊದೆಯುವುದಿಲ್ಲ.

ಹೋದ ಶನಿವಾರ ಹೋಗಿದ್ದೆ. ಕುಮಾರಿ ಆಟವನ್ನು ಮತ್ತೆ ಇಳಿಸಿಕೊಂಡು, ಜಾಹೀರಾತು ಬರುತ್ತದೆಯೇ ಎಂದು ಮತ್ತೆ ಎರಡು ದಿನ ಪರೀಕ್ಷೆ ಮಾಡಿ, ಚಾಪೆಯ ಮೇಲೆ ಮಲಗಿಸಿದ್ದಳು. ಸುತ್ತ ಮೂವರು: ನಯನಾ, ಇನ್ನಿಬ್ಬರು, ಮೂವರೂ ಕೆಳಗಿನ ಬೀದಿಯವರೇ. ನಾಲ್ಕನೇ ಮಗ್ಗುಲು ಖಾಲಿ. ಕಾವ್ಯಶ್ರೀಯನ್ನು ದಿಲೀಪ್ ಕಳಿಸುತ್ತಿಲ್ಲ. ಅವಳನ್ನು ಕಳಿಸದಿದ್ದದ್ದನ್ನು ನೋಡಿ ಉಳಿದವರೂ ತಮ್ಮ ಮಕ್ಕಳನ್ನು ಕಳಿಸುತ್ತಿಲ್ಲ. ಮೊದಲು ಎರಡು ಬೀದಿಯ ಮಕ್ಕಳೂ ಬಂದು ಕುಳಿತಿದ್ದ ಜಾಗ ಅದು. ಈಗ ಆಟ ವಾಪಸ್ ಬಂದಿದೆ, ಅವರು ಬಂದಿಲ್ಲ. ಬೇರೆ ಯಾರ ತಲೆಗೂ ಇದನ್ನು ಕಟ್ಟಲಾರೆ.

"ಅವ್ವ, ನಾಲ್ಕ್ನೇದ ಮಿಷಿನ್ನಿಗೆ ಬುಡನ. ಅದೇ ಆಡ್ಕತದ," ಎಂದಳು ನಯನಾ.

"ಮಿಷಿನ್ನಿಗೆ ಕೈ ಎಲ್ಲದಮ್ಮಿ?" ಎಂದು ಕುಮಾರಿ ನನ್ನ ಕಡೆ ತಿರುಗಿದಳು. "ಕುಂತ್ಕಳಿ ಸಾರ್."

ಕುಳಿತೆ. ಹಸಿರು ಕಾಯಿ ನನ್ನವು. ಮಕ್ಕಳು ಖಾರಪುರಿ ತಿಂದ ಕೈಯಲ್ಲೇ ಆಡುತ್ತಿದ್ದರು, ಪರದೆಯ ತುಂಬ ಎಣ್ಣೆಯ ಬೆರಳಚ್ಚು. ನನ್ನ ಸರದಿ ಬಂತು. ಕವಡೆಯ ಗುರುತು ನಯನಾಳ ಕೈಯ ಹತ್ತಿರವಿತ್ತು, ನೀನೇ ಬಿಡು ಎಂದೆ, ಅವಳು ಒತ್ತಿ ಕವಡೆ ಬಿಟ್ಟಳು. ಮೂರು ಬಿತ್ತು.

"ಆ ಕೊನೇ ಹಸಿರು ಕಾಯಿ ಮುಂದಕ್ಕೆ ನಡೆಸು ಮಗಾ," ಎಂದೆ.

ನಯನಾ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ನನ್ನ ಮುಖ ನೋಡಿದಳು. ಉಳಿದಿಬ್ಬರೂ ನೋಡಿದರು.

"ಇಲ್ಲಿ ಬಾಯಲ್ಲಿ ಯೋಳಂಗಿಲ್ಲ ತಾತ," ಎಂದಳು. "ನಿಮ್ ಕಾಯ ನೀವೇ ಮುಟ್ಬೇಕು."

ಕನ್ನಡಕ ತಂದಿಲ್ಲ ಎಂದು ಹೇಳಲು ಹೊರಟೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ಕುಮಾರಿ ಬೀರುವಿನ ಹತ್ತಿರ ನಿಂತು ನೋಡುತ್ತಿದ್ದಳು. ಅಂಗಿ ತಿರುವಿ ನೋಡಿ ಅಭ್ಯಾಸವಿದ್ದವಳು.

ಬೆರಳು ಚಾಚಿ ಮುಟ್ಟಿದೆ. ಕಾಯಿ ಮೂರು ಮನೆ ನಡೆಯಿತು.