ಗೊರಕೆ ನಿಂತ ಮಧ್ಯಾಹ್ನ

ಶಿಕ್ಷೆ ಅನುಭವಿಸಿದವಳು ನನ್ನ ಐದು ವರ್ಷದ ಮಗಳು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಾಗಿಲಲ್ಲಿ ಮರುದಿನವೂ ರೋಗಿಗಳ ಸಾಲಿತ್ತು.

ನನ್ನ ಗಂಡ ನಾಸಿಕ್ ಬಳಿಯ ಓಝರ್‌ನಲ್ಲಿ, ವಿಮಾನ ಕಾರ್ಖಾನೆಯ ತಂತ್ರಜ್ಞರಾಗಿದ್ದ ವರ್ಷಗಳವು. ಮಗಳು ಮಲಗಿದರೆ ಅವಳ ಗೊರಕೆ ಪಕ್ಕದ ಕ್ವಾರ್ಟರ್ಸಿಗೂ ಕೇಳಿಸುತ್ತಿತ್ತು. ನಡುವೆ ತಟ್ಟನೆ ನಿಲ್ಲುವುದು. ಎದೆ ಮಾತ್ರ ಒದ್ದಾಡುವುದು. ಆಮೇಲೆ ಬೆಚ್ಚಿದವಳಂತೆ ಉಸಿರೆಳೆದು ಮತ್ತೆ ಶುರು. ಧಾರವಾಡದಿಂದ ಬಂದಿದ್ದ ಮಾವನವರು ಬೆಳಿಗ್ಗೆ ಅದನ್ನೇ ನಟಿಸಿ ತೋರಿಸುತ್ತಿದ್ದರು.

“ಮನ್ಮಾಡ್ ಜಂಕ್ಷನ್ ನಮ್ಮ ಮನ್ಯಾಗ ಐತಿ. ಗಾಡಿ ನಿಂತು… ಸಿಗ್ನಲ್ ಸಿಕ್ತು… ಹೊಂಟಿತು ನೋಡ್ರಿ!”

“ಅಜ್ಜಾ, ಗಪ್ ಬಸಾ ನಾ!” ಸುಮ್ಮನೆ ಕೂತಿರು ಎಂದು ಮಗಳು ಮರಾಠಿಯಲ್ಲಿ ಗದರುವಳು.

ನಾಸಿಕ್‌ನ ಆಸ್ಪತ್ರೆಯೊಂದರ ವೈದ್ಯರು ಟಾನ್ಸಿಲ್ ತೆಗೆಸಬೇಕೆಂದರು. ನಿದ್ದೆಯಲ್ಲಿ ಉಸಿರು ನಿಲ್ಲುವುದನ್ನು ನಾನು ಹೇಳತೊಡಗಿದೆ. ಅದೂ ಹೋಗುತ್ತದೆ ಎಂದವರೇ ಮುಂದಿನ ರೋಗಿಯನ್ನು ಕರೆದರು. ಮೊದಲ ಅನ್ಯಾಯ ಅಲ್ಲಿ ನಡೆಯಿತು. ಇಂಥ ಮಕ್ಕಳ ಗಂಟಲು ಶಸ್ತ್ರಚಿಕಿತ್ಸೆಯಾದ ಮೇಲೆ ಊದಿಕೊಂಡು ಇನ್ನಷ್ಟು ಕಿರಿದಾಗಬಹುದು, ಮಂಪರು ತರಿಸುವ ಔಷಧಿ ಅವರ ಉಸಿರಾಟವನ್ನೇ ಕುಗ್ಗಿಸಬಹುದು ಎಂಬ ಮಾತನ್ನು ಯಾರೂ ಆಡಲಿಲ್ಲ.

ಶಸ್ತ್ರಚಿಕಿತ್ಸೆ ಬೆಳಿಗ್ಗೆಯೇ ಮುಗಿಯಿತು. ಎಚ್ಚರಗೊಂಡ ಮಗಳು ನೋವಿನಿಂದ ಅತ್ತಳು. ಮಧ್ಯಾಹ್ನ ನರ್ಸ್ ಮಂಪರಿನ ಇಂಜೆಕ್ಷನ್ ಕೊಟ್ಟು ಹೋದ ಸ್ವಲ್ಪ ಹೊತ್ತಿಗೆ ನಿದ್ದೆಹೋದಳು, ಸದ್ದೇ ಇಲ್ಲದೆ. ಮಾವನವರು ಬಾಗಿ ಆಲಿಸಿದರು. “ಗೊರಕಿ ಹೋತು!” ಅವರ ಕಣ್ಣು ತುಂಬಿತ್ತು. ಊರಿಂದ ತಂದಿದ್ದ ಪೇಡೆಯ ಡಬ್ಬಿ ಬಿಚ್ಚಿ ವಾರ್ಡಿನುದ್ದಕ್ಕೂ ಹಂಚುತ್ತ ಹೊರಟರು.

ಎದುರಿನ ಹಾಸಿಗೆಯ ಹೆಂಗಸು ಮರಾಠಿಯಲ್ಲಿ ಕೆಣಕಿದಳು: “ಏನಜ್ಜಾ, ಗಂಡುಮಗು ಹುಟ್ಟಿತೇ?”

“ಇಲ್ರೀ ಬಾಯಿ, ಹೆಣ್ಣುಮಗಳು ಮಲಗ್ಯಾಳ!”

ಎಲ್ಲರೂ ನಕ್ಕರು. ನಾನು ಹೊದಿಕೆ ಸರಿಪಡಿಸಲು ತಿರುಗಿದೆ. ಮಗಳ ತುಟಿ ನೇರಳೆಯಾಗಿತ್ತು. ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಜಗ್ಗುತ್ತಿತ್ತು, ಮೂಗಿನ ಬಳಿ ಹಿಡಿದ ಬೆರಳಿಗೆ ಗಾಳಿಯೇ ತಾಗಲಿಲ್ಲ.

ಕೂಗಿದೆ. ನರ್ಸ್ ಓಡಿ ಬಂದರು. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಯಂತ್ರ ಆಸ್ಪತ್ರೆಗೆ ಒಂದೇ ಇತ್ತು, ಅದು ಬೀಗ ಹಾಕಿದ ಶಸ್ತ್ರಚಿಕಿತ್ಸಾ ಕೊಠಡಿಯೊಳಗಿತ್ತು. ವೈದ್ಯರು ಊರಿನ ಇನ್ನೊಂದು ಆಸ್ಪತ್ರೆಯಲ್ಲಿದ್ದರು. ಅರಿವಳಿಕೆ ತಜ್ಞರು ಬಂದು ಗಂಟಲಿಗೆ ನಳಿಕೆ ಇಳಿಸುವವರೆಗೆ ಅವಳ ಅಂಗಾಲು ತಿಕ್ಕುವುದೊಂದೇ ನನ್ನ ಪಾಲಿಗೆ ಉಳಿದಿತ್ತು. ನಾಸಿಕ್‌ನಲ್ಲಿ ಎಲ್ಲಿ ಕೇಳಿದರೂ ಪುಟ್ಟ ಮಗುವಿಗೆ ವೆಂಟಿಲೇಟರ್ ಇರುವ ಹಾಸಿಗೆ ಖಾಲಿಯಿರಲಿಲ್ಲ. ಆಗ ಔರಂಗಾಬಾದ್ ಎನ್ನುತ್ತಿದ್ದ ಸಂಭಾಜಿನಗರಕ್ಕೆ ಆಂಬುಲೆನ್ಸ್ ಹೊರಟಿತು.

ಆಂಬುಲೆನ್ಸಿನ ಸಹಾಯಕ, ನಳಿಕೆಗೆ ಜೋಡಿಸಿದ ರಬ್ಬರ್ ಚೀಲವನ್ನು ಒತ್ತುತ್ತಲೇ ಇದ್ದ. ನನ್ನ ಮಗಳ ಉಸಿರು ಆ ಅಪರಿಚಿತನ ಮುಷ್ಟಿಯಲ್ಲಿತ್ತು. ಯೇವಲಾ ಬಳಿ ಈರುಳ್ಳಿ ಹೇರಿದ ಟ್ರ್ಯಾಕ್ಟರುಗಳು ರಸ್ತೆ ತುಂಬಿ ನಿಂತಿದ್ದವು. ಸೈರನ್ನಿಗೆ ಅವು ಸರಿಯಲಿಲ್ಲ, ಸರಿಯಲು ಜಾಗವೂ ಇರಲಿಲ್ಲ. ಮೆರವಣಿಗೆಗಳಲ್ಲಿ ಘೋಷಣೆ ಕೂಗಿ ಬೆಳೆದವಳು ನಾನು. ಅಂದು ಆ ಮುಷ್ಟಿಯ ಒತ್ತುಗಳನ್ನು ಎಣಿಸುತ್ತ ಕೂತೆ. ಮಾವನವರು ಮೊಮ್ಮಗಳ ಕಾಲು ಹಿಡಿದು ಬೇಡುತ್ತಿದ್ದರು: “ಗೊರಕಿ ಹೊಡೀ ನನ್ನವ್ವಾ. ಒಂದ್ ಸಲ ಹೊಡಿ.”

ಅವಳು ಬದುಕಿದಳು. ಆದರೆ ಆಮ್ಲಜನಕ ಸಿಗದೆ ಮಿದುಳಿಗೆ ಪೆಟ್ಟಾಗಿತ್ತು; ನಳಿಕೆ ತೆಗೆದ ಮೇಲೆ ಅಜ್ಜನನ್ನು ಗದರುವ ಹುಡುಗಿ ಮರಳಲಿಲ್ಲ. ಪದಗಳನ್ನು ಹುಡುಕಿ ಹುಡುಕಿ ಆಡುತ್ತಿದ್ದಳು. ಬಲಗೈಯ ಚಮಚ ಬಾಯಿ ತಲುಪುವ ಮೊದಲೇ ವಾಲುತ್ತಿತ್ತು. ವಿವರಣೆ ಕೇಳಲು ಹೋದ ನಮಗೆ ನಾಸಿಕ್‌ನ ಆ ಆಸ್ಪತ್ರೆಯವರು, ಹೀಗೆ ಯಾವಾಗಲೋ ಒಮ್ಮೆ ಆಗುತ್ತದೆ ಎಂದರು. ಇದು ಆಗಿದ್ದಲ್ಲ. ನಿರ್ಲಕ್ಷ್ಯದಿಂದ ಮಾಡಿದ್ದು.

ಆಸ್ಪತ್ರೆ ನಡೆಸುವವರೇ, ಅವುಗಳಿಗೆ ಪರವಾನಗಿ ಕೊಡುವ ಅಧಿಕಾರಿಗಳೇ, ನಿದ್ದೆಯಲ್ಲಿ ಉಸಿರು ನಿಲ್ಲುವ ಮಗುವಿನ ಟಾನ್ಸಿಲ್‌ಗೆ ಕೈಹಾಕುವ ಮೊದಲು ಅದರ ಹಾಸಿಗೆಯ ಬಳಿ ಆಮ್ಲಜನಕ ಅಳೆಯುವ ಯಂತ್ರವನ್ನಿಡಿ. ಮರುದಿನ ಬೆಳಗಾಗುವವರೆಗೆ ಅದನ್ನು ನೋಡುತ್ತ ಕೂರುವ ನರ್ಸನ್ನೂ, ಉಸಿರಾಟದ ನಳಿಕೆ ಹಾಕಬಲ್ಲ ವೈದ್ಯರನ್ನೂ ಅದೇ ಕಟ್ಟಡದಲ್ಲಿ ಇರಿಸಿ. ಇಷ್ಟು ಸಾಧ್ಯವಾಗದ ಆಸ್ಪತ್ರೆಯಲ್ಲಿ ಅಂಥ ಮಕ್ಕಳ ಶಸ್ತ್ರಚಿಕಿತ್ಸೆಯನ್ನು ಇಂದೇ ನಿಲ್ಲಿಸಿ.