ರಾರಾವಿ ದಾರಿಯ ಬೋರ್ಡು

ಆಗಸ್ಟ್‌ನಲ್ಲಿ ಬಳ್ಳಾರಿಗೆ ಹೋಗಬೇಡ, ಬೆಂದುಹೋಗುತ್ತೀಯ ಎಂದು ಮೈಸೂರಿನಲ್ಲಿ ಎಲ್ಲರೂ ಹೆದರಿಸಿದ್ದರು. ಸುಳ್ಳೇನಲ್ಲ. ಬೆಳಗಿನ ಏಳಕ್ಕೇ ಬ್ರೂಸ್‌ಪೇಟೆಯ ಗಲ್ಲಿಯಲ್ಲಿ ನನ್ನ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು. ಗೆಳತಿ ವೀಣಾ ಮಾತ್ರ ಮದುವೆಗೆ ಹೊರಟವಳಂತೆ ಲವಲವಿಕೆಯಿಂದ ಒಗ್ಗರಣೆ ಮಂಡಕ್ಕಿಗೆ ಮಿರ್ಚಿ ನಂಚಿಕೊಂಡು ತಿನ್ನುತ್ತಿದ್ದಳು. ಹೊಸ ಬೇಸಾಯವನ್ನು ರೈತರಿಗೆ ಅವರ ಹೊಲದಲ್ಲೇ ಮಾಡಿ ತೋರಿಸುವ ಕೃಷಿ ವಿಸ್ತರಣೆ ಅವಳ ಕೆಲಸ. ಒಂದು ದಿನ ನಿನ್ನ ಜೊತೆ ಸುತ್ತುತ್ತೇನೆ ಎಂದು ನಾನೇ ಬಾಯಿಬಿಟ್ಟು ಹೇಳಿದ್ದೆ. ಅನುಭವಿಸಬೇಕಲ್ಲ!

ಮೊದಲು ಕುರುಗೋಡಿಗೆ ಹೊರಟೆವು. ಹೆಂಗಸರಾದ್ದರಿಂದ ಇಬ್ಬರಿಗೂ ಶೂನ್ಯ ದರದ ಟಿಕೆಟ್ಟು. ಒಂದು ತಾಸಿನೊಳಗೆ ಬಂಡೆಗುಡ್ಡಗಳು ಕಂಡವು, ಊರು ಬಂತು. ಅಲ್ಲಿ ಬೇವಿನ ಮರದಡಿ ಹತ್ತಾರು ಮೆಣಸಿನಕಾಯಿ ಬೆಳೆಗಾರರು ಕಾದಿದ್ದರು. ಹುಳ ಹಿಡಿಯುವ ಹಳದಿ ಅಂಟು ಹಾಳೆಯನ್ನು ಹೇಗೆ ಕಟ್ಟಬೇಕೆಂದು ವೀಣಾ ತೋರಿಸುತ್ತಿದ್ದಾಗ ಒಂದು ಹಾಳೆ ಹಿರಿಯರೊಬ್ಬರ ಧೋತರಕ್ಕೆ ಮೆತ್ತಿಕೊಂಡಿತು. "ಮೊದಲ್ನೇ ಹುಳ ಸಿಕ್ತು ನೋಡ್ರಿ!" ಎಂದು ಅವರೇ ನಕ್ಕರು. ಆ ನಗುವಿನ ನಡುವೆಯೇ ವೀಣಾಳ ಫೋನು ಬಡಿದುಕೊಂಡಿತು. ಮಾತಾಡುತ್ತಾ ಆಡುತ್ತಾ ಅವಳ ಮುಖ ಸಣ್ಣದಾಯಿತು.

"ಈರಮ್ಮನ ಗಂಡ ಟ್ರ್ಯಾಕ್ಟರ್ ಹೇಳ್ಯಾನಂತ. ಇವತ್ತ ಗದ್ದಿ ಕೆಡಿಸ್ತಾನ. ಏಳು, ಏಳು" ಎಂದು ನನ್ನನ್ನು ಎಬ್ಬಿಸಿದಳು. ನಾನಿನ್ನೂ ಚಹಾ ಮುಗಿಸಿರಲಿಲ್ಲ.

ಸಿರುಗುಪ್ಪದ ಬಸ್ಸಿನಲ್ಲಿ ವಿಷಯ ತಿಳಿಯಿತು. ರಾರಾವಿ ದಾರಿಯಲ್ಲಿ ಈರಮ್ಮನಿಗೆ ತವರಿನಿಂದ ಬಂದ ಎರಡು ಎಕರೆ ಗದ್ದೆ. ಕಾಲುವೆಯ ತುದಿಯಾದ್ದರಿಂದ ನೀರು ಎಲ್ಲರಿಗಿಂತ ತಡವಾಗಿ ಬರುತ್ತದೆ. ನೀರಿಗೆ ಕಾದು ಸಸಿ ನಾಟಿ ಮಾಡುವ ಬದಲು, ಜೋಳ ಬಿತ್ತಿದ ಹಾಗೆ ಒಣ ನೆಲದಲ್ಲೇ ಕೂರಿಗೆಯಿಂದ ಭತ್ತ ಬಿತ್ತು ಎಂದು ವೀಣಾ ಅವಳನ್ನು ಒಪ್ಪಿಸಿದ್ದಳು. ಇಂಥ ಪ್ರಯೋಗಕ್ಕೆ ಯಾವಾಗಲೂ ರಸ್ತೆ ಪಕ್ಕದ ಗದ್ದೆಯನ್ನೇ ಆರಿಸುತ್ತಾರಂತೆ.

"ಗೆದ್ರ ಎಲ್ರೂ ನೋಡ್ಲಿ ಅಂತ" ಎಂದಳು.

"ಸೋತರೆ?"

"ಸೋತ್ರೂ ಎಲ್ರೂ ನೋಡ್ತಾರ, ತಾಯಿ."

ಸಿರುಗುಪ್ಪದಲ್ಲಿ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ನಿಂತಲ್ಲೇ ಒಂದೊಂದು ಲೋಟ ಮಜ್ಜಿಗೆ ಕುಡಿದು, ತಲೆಗೆ ಮೂವತ್ತು ರೂಪಾಯಿಯ ಆಟೋ ಹತ್ತಿದೆವು. "ಬೋರ್ಡಿನ ಗದ್ದಿಗೇನ್ರಿ?" ಎಂದು ಆಟೋದವನೇ ಕೇಳಿದ. "ಹುಲ್ಲಿನ ಗದ್ದಿ ಅಂತ ಹೆಸರು ಬಿದ್ದೈತ್ರಿ ಅದಕ್ಕ." ಅವನ ಬಾಯಿಗೆ ಬೀಗ ಹಾಕಬೇಕೆನಿಸಿತು ನನಗೆ.

ಆದರೆ ನೋಡಿದರೆ ಅವನದೇನು ತಪ್ಪು? ಬೋರ್‌ವೆಲ್ ಇದ್ದ ಅಕ್ಕಪಕ್ಕದವರ ನಾಟಿ ಗದ್ದೆಗಳು ಹಚ್ಚಗೆ ತುಂಬಿದ್ದವು. ನಡುವೆ ಈರಮ್ಮನ ಗದ್ದೆ ತಲೆ ಕೂದಲು ಉದುರಿದ ಹಾಗೆ ಅಲ್ಲೊಂದು ಸಾಲು, ಇಲ್ಲೊಂದು ಸಾಲು, ಮಧ್ಯೆ ಕಳೆ. ಅದರ ಮುಂದೆ ಆಳೆತ್ತರದ ಬೋರ್ಡಿನಲ್ಲಿ ದಪ್ಪಕ್ಷರ: "ನೇರ ಬಿತ್ತನೆ ಭತ್ತದ ಪ್ರಾತ್ಯಕ್ಷಿಕೆ. ರೈತ ಮಹಿಳೆ: ಶ್ರೀಮತಿ ಈರಮ್ಮ." ಬದುವಿನ ಮೇಲೆ ಟ್ರ್ಯಾಕ್ಟರು ನಿಂತಿತ್ತು.

ವೀಣಾ ಚಪ್ಪಲಿ ಬಿಟ್ಟು ಎರೆ ಮಣ್ಣಿಗೆ ಇಳಿದಳು. ಒಂದು ಬುಡ ಬಿಡಿಸಿ ಈರಮ್ಮನ ಗಂಡ ಮಲ್ಲಪ್ಪನಿಗೆ ತೋರಿಸಿದಳು. "ಬುಡದಾಗ ಹೊಸಾ ಮರಿ ಒಡಿಯಾಕ ಹತ್ತೈತಿ ನೋಡ್ರಿ. ಕಾಲುವಿ ನೀರು ಬಂತು. ಕಳಿ ತೆಗದು ಗೊಬ್ಬರ ಕೊಟ್ರ ಗದ್ದಿ ಮುಚ್ಚಿಕೊಂತೈತಿ."

"ನೀವು ಹೇಳಿ ಬಸ್ಸು ಹತ್ತತೀರಿ" ಎಂದ ಮಲ್ಲಪ್ಪ. ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. "ಚಾದಂಗಡ್ಯಾಗ ಕುಂದ್ರಾಕ ಬಿಡವಲ್ರು ನನ್ನ. ನಗಸ್ಕೊಳ್ಳೋರು ನಾವು."

ವೀಣಾ ಬಗ್ಗಿ ಆ ಬುಡದ ಸುತ್ತಲಿನ ಕಳೆ ಕೀಳತೊಡಗಿದಳು.

ಟ್ರ್ಯಾಕ್ಟರಿಗೆ ಅಡ್ಡ ನಿಂತಿದ್ದ ಈರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದೆ ಬಂದಳು. "ಬೆಳಿ ಬರ್ತೈತ್ರಿ ಅಕ್ಕಾರ, ನನಗ ನಂಬಿಕಿ ಐತಿ. ಆದ್ರ ಬಸ್ಸಿನ್ಯಾಗ ಹೋಗೋರೆಲ್ಲ ನನ್ನ ಹೆಸರು ಓದಿ ಓದಿ ನಗ್ತಾರ. ಆ ಬೋರ್ಡ್ ಒಂದು ಕೀಳ್ರಿ. ಗದ್ದಿ ಕೆಡಿಸಾಕ ನಾ ಬಿಡಂಗಿಲ್ಲ."

ಬೋರ್ಡು ಕಿತ್ತರೆ ಪ್ರಯೋಗವೇ ರದ್ದು, ನಿಯಮ ಹಾಗಿದೆಯಂತೆ. ವೀಣಾ ಚೀಲದಿಂದ ಪಾಠದ ಚಾರ್ಟಿಗೆ ಬರೆಯುವ ದಪ್ಪ ಪೆನ್ನು ತೆಗೆದು, ಕೆಸರುಗಾಲಲ್ಲೇ ಹೋಗಿ ಈರಮ್ಮನ ಹೆಸರಿನ ಕೆಳಗೆ ಬರೆದಳು: "ಹಿಂಗ ಬಿತ್ತು ಅಂತ ಹೇಳಿದಾಕಿ: ವೀಣಾ. ನಗೋರು, ಬಯ್ಯೋರು ನನಗ ಫೋನ್ ಮಾಡ್ರಿ." ಕೆಳಗೆ ತನ್ನ ಮೊಬೈಲ್ ನಂಬರು.

ಮಲ್ಲಪ್ಪ ಅದನ್ನು ಗಟ್ಟಿಯಾಗಿ ಓದಿದ. ತಡೆದುಕೊಳ್ಳಲಾಗದೆ ನಕ್ಕ. "ಎಂಥಾ ಗಟ್ಟಿ ಹೆಂಗಸ್ರೀ ನೀವು! ಆತು, ಹದಿನೈದು ದಿನ ನೋಡ್ತೀನಿ. ಆಮ್ಯಾಲ ನನ್ನ ಕೇಳಬ್ಯಾಡ್ರಿ." ಟ್ರ್ಯಾಕ್ಟರು ಗೊಣಗುತ್ತ ಹಿಂದಕ್ಕೆ ಹೋಯಿತು. ಈರಮ್ಮ ಬಲವಂತ ಮಾಡಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಮೂರು ರೊಟ್ಟಿ ತಿಂದೆ, ಸುಳ್ಳೇಕೆ ಹೇಳಲಿ.

ಸಂಜೆ ಸಿರುಗುಪ್ಪದಿಂದ ಬಳ್ಳಾರಿ ಬಸ್ಸು ಹತ್ತಿ ಕೂತಿದ್ದೇವೆ, ವೀಣಾಳಿಗೆ ಫೋನು ಬಂತು, ಸ್ಪೀಕರಿಗೆ ಹಾಕಿದಳು. ಗಂಡಸಿನ ದನಿ. "ಮೇಡಮ್ಮಾರ, ನಿಮ್ಮ ಗದ್ದಿಗೆ ದನ ಬಿಡಬಹುದೇನ್ರಿ?" ಹಿಂದೆ ನಾಲ್ಕೈದು ಜನರ ಕೇಕೆ. ನನಗೆ ಉರಿದುಹೋಯಿತು. ವೀಣಾ ಸಮಾಧಾನದಿಂದ, "ಬಿತ್ತಿದಾಕಿ ಇಷ್ಟೊತ್ತಿನ್ಯಾಗ ಅಲ್ಲೇ ಇರ್ತಾಳ, ಆಕಿನ್ನ ಕೇಳ್ರಿ" ಎಂದಳು.

ಆ ಕಡೆ ಗಲಾಟೆ, ನಡುವೆ ಒಂದು ಹೆಣ್ಣು ದನಿ, ಆಮೇಲೆ ಒಂದಾದ ಮೇಲೊಂದು ಪ್ರಶ್ನೆ. ಫೋನು ಕೈ ಬದಲಾಯಿತು. ಈರಮ್ಮ!

"ಅಕ್ಕಾರ, ಬೋರ್ಡಿನ ಮುಂದ ಮಂದಿ ನಿಂತಾರ. ನಗೋದು ಮುಗದೈತಿ, ಈಗ ಬೀಜ ಎಷ್ಟು ಹಿಡೀತು, ಕಳಿ ಹೆಂಗ ತೆಗೀತಿ ಅಂತ ಕೇಳಾಕ ಹತ್ಯಾರ. ತಡೀರಿ, ನೀವು ಹೇಳಬ್ಯಾಡ್ರಿ. ನಾನ ಹೇಳ್ತೀನಿ, ತಪ್ಪಿದ್ರ ತಿದ್ರಿ."

ನಾನು ಏನೋ ಅನ್ನಲು ಹೊರಟೆ. ವೀಣಾ ನನ್ನ ಬಾಯಿ ಮುಚ್ಚಿದಳು. ಬಸ್ಸು ತೆಕ್ಕಲಕೋಟೆ ದಾಟುವವರೆಗೂ ಈರಮ್ಮ ಆ ಗಂಡಸರಿಗೆ ಪಾಠ ಹೇಳಿದಳು. ವೀಣಾ ಒಂದು ಸಲವೂ ತಿದ್ದಲಿಲ್ಲ.