ಮಸ್ಕತ್ತಿಗೆ ಮೂರೂವರೆ ಗಂಟೆ

ನಾನು ಇಂದಿಗೂ ವಿಮಾನ ಹತ್ತಿದವನಲ್ಲ. ರೈಲ್ವೆ ಪಾರ್ಸೆಲ್ ಗುಮಾಸ್ತನಾಗಿ ನಿವೃತ್ತನಾಗಿ ಬಂಗಾರಪೇಟೆಯಲ್ಲಿ ಕೂತಿದ್ದೇನೆ. ಆದರೂ ಯಾವ ಊರಿಂದ ಯಾವ ಊರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಮೊಬೈಲಿನಲ್ಲಿ ನೋಡುವ ಚಾಳಿ ನನಗುಂಟು. ಕೇಳದವರಿಗೂ ಹೇಳುತ್ತೇನೆ.

ಚಾಳಿ ಅಂಟಿದ್ದು ತಂಗಿ ರತ್ನ ಮನೆಗೆಲಸಕ್ಕೆಂದು ಮಸ್ಕತ್ತಿಗೆ ಹೋದ ಮೇಲೆ. ಬೆಂಗಳೂರಿನಿಂದ ಎರಡು ಸಾವಿರದ ಚಿಲ್ಲರೆ ಕಿಲೋಮೀಟರು, ಮೂರೂವರೆ ಗಂಟೆ ಎಂದು ಅವಳ ಗಂಡ ಮುನಿರಾಜುವಿಗೆ ಹೇಳಿದೆ. ಪಕ್ಕದ ಊರಿಗಾಂನ ಹಳೇ ಗಣಿ ಕಾರ್ಮಿಕರ ಲೈನ್‌ಮನೆಯಲ್ಲಿದ್ದು ಸುಣ್ಣಬಣ್ಣದ ಕೆಲಸ ಮಾಡುತ್ತಿದ್ದ ಅವನಿಗೆ ಇದು ಬಹಳ ಹಿಡಿಸಿತು. "ನಮ್ಮೋಳು ಇರೋದು ರೈಲಲ್ಲಿ ಓಗೋ ಮದ್ರಾಸ್ಗಿಂತ ಅತ್ರ ಕಣ್ಲಾ" ಎಂದು ಟೀ ಅಂಗಡಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದ. ತಮಿಳು ಗೆಳೆಯರಿಗೆ ಅದನ್ನೇ ತಮಿಳಿನಲ್ಲಿ.

ಹೋದ ವರ್ಷ ಒಂದು ಬೆಳಿಗ್ಗೆ ಏಣಿಯ ಮೇಲಿದ್ದ ಮುನಿರಾಜು ಎದೆ ಹಿಡಿದುಕೊಂಡು ಇಳಿದು, ಜಗಲಿಯ ಮೇಲೆ ಕೂತು, ಹಾಗೇ ಹೋಗಿಬಿಟ್ಟ. ರತ್ನಳಿಗೆ ಫೋನ್ ಮಾಡಿದವನು ನಾನು.

"ಮೂರೂವರೆ ಗಂಟೆ ತಾನೇ ಅಣ್ಣ," ಎಂದಳು. "ನಾನ್ ಬರೋಗಂಟ ಎತ್ಬ್ಯಾಡಿ."

ಐಸ್ ಪೆಟ್ಟಿಗೆ ತರಿಸಿದೆವು. ಆದರೆ ಅವಳ ಪಾಸ್‌ಪೋರ್ಟ್ ಇದ್ದದ್ದು ಅವಳು ಕೆಲಸಕ್ಕಿದ್ದ ಮನೆಯ ಯಜಮಾನನ ಬೀರುವಿನಲ್ಲಿ. ಅವನು ಊರಲ್ಲಿರಲಿಲ್ಲ. ಅವನು ಬಂದ ಮೇಲೆ ಯಾವುದೋ ಕಾಗದಕ್ಕೆ ಸಹಿ ಬೇಕಾಯಿತು. ಸ್ವಲ್ಪವೇ ದೂರ ಹೋಗಬೇಕಾದ ಮಾವಿನ ಬುಟ್ಟಿ, ಕಳಿಸಿದವನ ಸಹಿ ಇಲ್ಲದೆ ಪ್ಲಾಟ್‌ಫಾರ್ಮಿನಲ್ಲೇ ಕೊಳೆತದ್ದನ್ನು ಕಂಡವನು ನಾನು. ಹಾಗಿದ್ದೂ ತಂಗಿಯ ವಿಷಯದಲ್ಲಿ ಕಿಲೋಮೀಟರುಗಳನ್ನೇ ನಂಬಿ ಕೂತಿದ್ದೆನಲ್ಲ! ಮೊಬೈಲು ತೆರೆದರೆ ಅಂದಿನ ವಿಮಾನಗಳ ಸಾಲು. ಅವೆಲ್ಲ ಹೊತ್ತಿಗೆ ಸರಿಯಾಗಿ ಹೊರಟು, ಹೊತ್ತಿಗೆ ಸರಿಯಾಗಿ ಇಳಿಯುತ್ತಿದ್ದವು.

ಮೂರನೆಯ ದಿನ ಮಧ್ಯಾಹ್ನ ಕ್ಯಾಸಂಬಳ್ಳಿಯಿಂದ ಬಂದಿದ್ದ ಮುನಿರಾಜುವಿನ ದೊಡ್ಡಪ್ಪ ನನ್ನನ್ನು ಪಕ್ಕಕ್ಕೆ ಕರೆದರು. "ಇನ್ನ ಮಡಗಕ್ಕಾಗಲ್ಲಪ್ಪ. ನೀನೇ ಏಳ್ಬೇಕು ಆಯಮ್ಮಂಗೆ."

ಹೇಳಿದೆ. "ಎತ್ಬುಡಿ ಅಣ್ಣ," ಎಂದು ಅವಳೇ ಫೋನ್ ಇಟ್ಟಳು. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ರತ್ನ ಬಂದದ್ದು ಆರನೆಯ ದಿನ. ಮನೆಗೂ ಹೋಗದೆ, ಬ್ಯಾಗಿನ ಸಮೇತ ನೇರ ಸ್ಮಶಾನಕ್ಕೆ ನಡೆದಳು. ಹಸಿ ಮಣ್ಣಿನ ಪಕ್ಕ ಕೂತು ಅವನಿಗೆ ಹೇಳತೊಡಗಿದಳು. "ಸಾವ್ಕಾರ್ರು ಊರಾಗಿರ್ಲಿಲ್ಲ ಕಣ್ರೀ. ಬೀರೂಗೆ ಬೀಗ ಆಕಿತ್ತು. ನಾನು ಅವರಮ್ಮನ ಕಾಲಿಡ್ಕೊಂಡೆ." ಯಾವ ಆಫೀಸಿನ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದು, ಯಾರು ನಾಳೆ ಬಾ ಅಂದದ್ದು, ಒಂದನ್ನೂ ಬಿಡಲಿಲ್ಲ. ಸಂತೆಯಿಂದ ತಡವಾಗಿ ಬಂದವಳು ಹಸಿದು ಕೂತ ಗಂಡನಿಗೆ ಕಾರಣ ಹೇಳುವ ಹಾಗಿತ್ತು. ಅಳುವುದಕ್ಕೂ ಅವಳಿಗೆ ಬಿಡುವಿರಲಿಲ್ಲ.

ಎಲ್ಲ ಹೇಳಿ ಮುಗಿಸಿ ನನ್ನ ಕಡೆ ತಿರುಗಿದಳು. "ಕ್ವಾಪ ಮಾಡ್ಕೊಂಡಿರ್ತಾರಾ ಅಣ್ಣ?"

"ಇಲ್ಲ ಕಣವ್ವ," ಎಂದೆ. ಗೊತ್ತಿಲ್ಲದ ಸಂಗತಿಯೊಂದನ್ನು ಅಷ್ಟು ಖಚಿತವಾಗಿ ನಾನು ಹಿಂದೆಂದೂ ಹೇಳಿದವನಲ್ಲ.